ನಮ್ಮ ಬ್ಯಾಚಿನ ತಂಬೂರಿ

ಮೈಸೂರಿನ ಮಹಾರಾಜ ಕಾಲೇಜಿನ ದಿನಗಳ ಬಗ್ಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕರು ಯುಗಾದಿ ಹೊತ್ತಿಗೇ ಕೇಳಿದ್ದರು. ಹಾಸ್ಟೆಲ್ ಸಾರು, ಕುಕ್ಕರಹಳ್ಳಿ ಕೆರೆ ಏರಿ, ಜೂನಿಯರ್ ಬಿ.ಎ. ಹಾಲ್‌ನ ಭಾಷಣಗಳು, ಎಲ್ಲ ಸೇರಿಸಿ ಒಂದು ಹಗುರವಾದ ಲೇಖನ ಬರೆಯೋಣ ಅಂದುಕೊಂಡು ಹಾಗೇ ಮುಂದೂಡುತ್ತಾ ಬಂದೆ. ಅಷ್ಟರಲ್ಲಿ ಆಷಾಢದ ಕೊನೆಯ ವಾರ ನಮ್ಮ ತಂಬೂರಿ ಹೋಗಿಬಿಟ್ಟ. ರಾತ್ರಿ ಊಟ ಮಾಡಿ ಮಲಗಿದವನು ಬೆಳಿಗ್ಗೆ ಏಳಲಿಲ್ಲ. ಇನ್ನು ಸಾರಿನ ಬಗ್ಗೆ ಬರೆಯೋ ಮನಸ್ಸಿಲ್ಲ.

ಅವನ ಹೆಸರು ಇಲ್ಲಿ ಬರೆಯುತ್ತಿಲ್ಲ. "ಹಾಕಬೇಡಿ, ಅವರಿಗೆ ಇಷ್ಟ ಆಗ್ತಿರಲಿಲ್ಲ" ಎಂದು ಅವನ ಹೆಂಡತಿ ಹೇಳಿದ್ದಾರೆ. ಹೆಸರಿಲ್ಲದಿದ್ದರೂ ಯಾರು ಅಂತ ಎಲ್ಲರಿಗೂ ಗೊತ್ತಾಗುತ್ತೆ. ಮೈಸೂರಿನಲ್ಲಿ ಕಛೇರಿ ಕೇಳುವ ಅಭ್ಯಾಸ ಇರುವವರೆಲ್ಲ ಅವನನ್ನು ನೋಡಿದ್ದಾರೆ. ಗಾಯಕರ ಹಿಂದೆ, ಸ್ವಲ್ಪ ಎಡಕ್ಕೆ, ತಂಬೂರಿ ನಿಲ್ಲಿಸಿಕೊಂಡು ಕೂತಿರುತ್ತಿದ್ದ ಬಿಳಿ ಅಂಗಿಯ ಮನುಷ್ಯ. ನಮ್ಮ ಬ್ಯಾಚಿನವರಿಗೆ ಅವನು ಬರೀ 'ತಂಬೂರಿ'. ಕಿರಿಯ ಕಲಾವಿದರಿಗೆ 'ತಂಬೂರಿ ಮಾಮ'.

ನಾವು ಬಿ.ಎ.ಗೆ ಸೇರಿದ್ದು 1979ರಲ್ಲಿ. ಅವನ ಮನೆ ಅಗ್ರಹಾರದಲ್ಲಿ. ಅಜ್ಜಿಯ ಕಾಲದ ಹಲಸಿನ ಮರದ ತಂಬೂರಿಯೊಂದು ಮನೆಯಲ್ಲಿತ್ತು. ಕಾಲೇಜಿನಲ್ಲಿ ಯಾವ ಕಾರ್ಯಕ್ರಮ ಇದ್ದರೂ ಪ್ರಾರ್ಥನೆಗೆ ಅದು ಬರಬೇಕು. ಸೈಕಲ್ ಅವನು ತುಳಿಯೋದು, ಹಿಂದೆ ತಂಬೂರಿ ತಬ್ಬಿಕೊಂಡು ನಾನು ಕೂರೋದು. ಆಗ ಡಬಲ್ ರೈಡ್ ಹಿಡಿದರೆ ಪೊಲೀಸರು ಚಕ್ರದ ಗಾಳಿ ಬಿಡುತ್ತಿದ್ದರು. ತಂಬೂರಿ ನೋಡಿ ನಮ್ಮನ್ನು ಮಾತ್ರ ಸುಮ್ನೆ ಬಿಡುತ್ತಿದ್ದರು. ನನ್ನ ಸಂಗೀತಜ್ಞಾನ ಶುರುವಾಗಿದ್ದು ಹೀಗೆ, ಬುರುಡೆ ಹೊತ್ತು. ಇವತ್ತಿಗೂ ಅದು ಕಿವಿಯ ಮಟ್ಟ ದಾಟಿಲ್ಲ. ಕೇಳ್ತೀನಿ, ತಲೆ ಆಡಿಸ್ತೀನಿ, ಅಷ್ಟೆ.

ಅವನು ಶ್ರುತಿ ಮಾಡುವುದನ್ನು ನೋಡಬೇಕಿತ್ತು. ಜನ ಬರುವ ಮುಂಚೆಯೇ ವೇದಿಕೆ ಸೇರಿ ಗವಸು ಬಿಚ್ಚುತ್ತಿದ್ದ. ಬಂದ ತಕ್ಷಣ ತಂತಿ ಮುಟ್ಟುತ್ತಿರಲಿಲ್ಲ. ಆ ಜಾಗದ ಗಾಳಿಗೆ ಮರ ಸ್ವಲ್ಪ ಹೊತ್ತು ಹೊಂದಿಕೊಳ್ಳಬೇಕು ಅಂತ ಸುಮ್ಮನೆ ಕೂತಿರುತ್ತಿದ್ದ. ಆಮೇಲೆ ನಡುವಿನ ಎರಡು ಸಾರಣಿ ತಂತಿ (ಅವು ಷಡ್ಜ, ಅಂದರೆ 'ಸ'), ಆಮೇಲೆ ಪಂಚಮ ('ಪ'), ಕೊನೆಗೆ ಹಿತ್ತಾಳೆಯ ಮಂದ್ರ (ಕೆಳಗಿನ 'ಸ'). ಮಳೆಗಾಲದಲ್ಲಿ ತಂತಿ ಬಿಗಿಯುವ ಬಿರಡೆ ಉಬ್ಬಿ ತಿರುಗುವುದೇ ಇಲ್ಲ, ಬೇಸಿಗೆಯಲ್ಲಿ ಒಣಗಿ ಜಾರಿಬಿಡುತ್ತೆ. ಅದಕ್ಕೆ ಜೇಬಿನಲ್ಲಿ ಯಾವಾಗಲೂ ಒಂದು ತುಂಡು ಸೀಮೆಸುಣ್ಣ. ಬಿರಡೆಯಲ್ಲಿ ಒಂದು ಮಟ್ಟಕ್ಕೆ ಬಂದ ಮೇಲೆ ತಂತಿಗೆ ಪೋಣಿಸಿದ ಮಣಿಯನ್ನು ಉಗುರಿನಲ್ಲಿ ಕೂದಲೆಳೆಯಷ್ಟು ಸರಿಸುತ್ತಿದ್ದ. ಕೊನೆಗೆ ನೂಲಿನ ಕೆಲಸ. ತಂತಿ ಕೂರುವ ಕುದುರೆಗೂ ತಂತಿಗೂ ಮಧ್ಯೆ ಸಿಕ್ಕಿಸಿದ ಹತ್ತಿ ನೂಲನ್ನು ಹಿಂದೆ ಮುಂದೆ ಎಳೆಯುತ್ತಾ ಇದ್ದಂತೆ ಒಂದು ಕಡೆ ತಂತಿ ಝೇಂ ಅಂತ ತೆರೆದುಕೊಳ್ಳುತ್ತಿತ್ತು. ನಾಲ್ಕಕ್ಕೂ ಹಾಗೇ ಮಾಡಿ, ಒಂದು ಸುತ್ತು ಮೀಟಿ, ನನ್ನ ಕಡೆ ತಿರುಗಿ ಕೇಳುತ್ತಿದ್ದ, "ಗಾಂಧಾರ ಕೇಳಿಸ್ತಾ?"

ಮೊದಮೊದಲು ನನಗೆ ತಮಾಷೆ ಅನ್ನಿಸಿತ್ತು. ಇರೋದು ಪಂಚಮ, ಷಡ್ಜ. ಗಾಂಧಾರದ, ಅಂದರೆ 'ಗ' ಸ್ವರದ, ತಂತಿ ಎಲ್ಲಿದೆ? ಆದರೆ ಮಂದ್ರ ಷಡ್ಜ ಸರಿಯಾಗಿ ಕೂತರೆ ಅದರೊಳಗಿಂದ ಅಂತರ ಗಾಂಧಾರ ತಾನಾಗಿ ಹೊರಡುತ್ತೆ. ಒಂದೇ ತಂತಿ ಇಡಿಯಾಗಿಯೂ ಕಂಪಿಸುತ್ತೆ, ತುಂಡು ತುಂಡಾಗಿಯೂ ಕಂಪಿಸುತ್ತೆ. ಐದು ಭಾಗವಾಗಿ ಕಂಪಿಸಿದಾಗ ಬರೋದೇ ಆ ಗಾಂಧಾರ. ಇದನ್ನು ನಮ್ಮ ಫಿಸಿಕ್ಸ್ ಓದುವ ಗೆಳೆಯನೊಬ್ಬ ಕ್ಯಾಂಟೀನ್ ಟೇಬಲ್ ಮೇಲೆ ಚಿತ್ರ ಬರೆದು ವಿವರಿಸಿದ್ದ. ತಂಬೂರಿ ಅದನ್ನು ಕೇಳಿ, "ಸರಿ, ಆದ್ರೆ ಕೇಳಿಸ್ತಾ ಇಲ್ವಾ ಅದು ಹೇಳು" ಅಂದಿದ್ದ. ಅವನಿಗೆ ಬೇಕಾಗಿದ್ದು ಅಷ್ಟೇ.

ಡಿಗ್ರಿ ಮುಗಿಸಿ ಅಶೋಕಪುರಂ ರೈಲ್ವೆ ವರ್ಕ್‌ಶಾಪ್‌ನಲ್ಲಿ ಗುಮಾಸ್ತನಾದ. ಹಗಲೆಲ್ಲ ಕಬ್ಬಿಣ ಬಡಿಯುವ ಸದ್ದು, ಸಂಜೆ ತಂಬೂರಿ. ಆ ಸದ್ದಿನಲ್ಲಿ ಕಿವಿ ಹೇಗೆ ಉಳಿಸಿಕೊಂಡ ಅನ್ನೋದು ನನಗೆ ಇನ್ನೂ ಆಶ್ಚರ್ಯ. ಸಭಾಗಳು, ರಾಮನವಮಿಗೆ ಬಿಡಾರಂ ಕೃಷ್ಣಪ್ಪನವರ ರಾಮಮಂದಿರ, ಯಾರದೋ ಮನೆ ಮಹಡಿಯ ಬೈಠಕ್, ಮಕ್ಕಳ ಮೊದಲ ಕಛೇರಿ, ಎಲ್ಲ ಕಡೆ ಹೋಗುತ್ತಿದ್ದ. ವಿ.ವಿ. ಮೊಹಲ್ಲಾದ ಎಂಟನೇ ಕ್ರಾಸ್‌ನ ಗಣಪತಿ ಅಂದರಂತೂ ಅವನಿಗೆ ಹಬ್ಬಕ್ಕಿಂತ ಹೆಚ್ಚು. 1962ರಿಂದ ಅಲ್ಲಿ ಗಣೇಶೋತ್ಸವಕ್ಕೆ ಸಂಗೀತ ಕಛೇರಿಗಳು ನಡೆಯುತ್ತಿವೆ. ರಸ್ತೆಗೇ ಚಪ್ಪರ, ದೇಶದ ದೊಡ್ಡ ದೊಡ್ಡ ವಿದ್ವಾಂಸರು, ಟಿಕೆಟ್ ಇಲ್ಲ. ಆ ದಿನಗಳಿಗೆ ಅಂತಲೇ ವರ್ಷವಿಡೀ ರಜೆ ಉಳಿಸುತ್ತಿದ್ದ.

ವೀಣೆ ಕಛೇರಿ ಇದ್ದ ದಿನ ಮಾತ್ರ ಮುಂದಿನ ಸಾಲಿನಲ್ಲಿ ಕಾಲು ಚಾಚಿ ಕೂರುತ್ತಿದ್ದ. "ಅದಕ್ಕೆ ಪಕ್ಕದಲ್ಲೇ ಮೂರು ತಂತಿ ಇದೆ, ಶ್ರುತಿನೂ ತಾನೇ ನೋಡ್ಕೊಳತ್ತೆ. ಇವತ್ತು ನನಗೆ ರಜ" ಅನ್ನುತ್ತಿದ್ದ. ವೀಣೆ ಶೇಷಣ್ಣನವರ ಊರಿನಲ್ಲಿ ಹುಟ್ಟಿದವನಿಗೆ ವೀಣೆ ಮೇಲೆ ಪ್ರೀತಿ ಇಲ್ಲದೆ ಇರುತ್ತಾ? ವೈಣಿಕ ದೊರೆಸ್ವಾಮಿ ಅಯ್ಯಂಗಾರರೂ ನಮ್ಮ ಮಹಾರಾಜ ಕಾಲೇಜಿನಲ್ಲೇ ಓದಿದವರು ಎಂಬುದನ್ನು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದ, ತಾನೇ ಅಡ್ಮಿಷನ್ ಕೊಡಿಸಿದವನ ಗತ್ತಿನಲ್ಲಿ. ಇನ್ನೊಂದು ಅವನ ಪ್ರೀತಿಯ ವಿಷಯ ರೇಡಿಯೊ. ನಮ್ಮ ಕಾಲೇಜಿನ ಮನಃಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಶುರು ಮಾಡಿದರಲ್ಲ, ಆಮೇಲೆ ಅದಕ್ಕೆ ಆಕಾಶವಾಣಿ ಅನ್ನೋ ಹೆಸರು ಬಂತಲ್ಲ, ಆ ಕಥೆಯನ್ನು ಈಗ ಆಕಾಶವಾಣಿ ಇರುವ ಯಾದವಗಿರಿ ಕಡೆ ಹೋದಾಗಲೆಲ್ಲ ತಪ್ಪದೆ ಹೇಳುತ್ತಿದ್ದ. ನಾವು ತಡೆಯುತ್ತಿರಲಿಲ್ಲ.

ಹಾಡಲು ಬರುತ್ತಿತ್ತಾ? ಚೆನ್ನಾಗಿ ಬರುತ್ತಿತ್ತು. ಸೈಕಲ್ ಮೇಲೆ ಹಿಂದೆ ಕೂತು ಕೇಳಿದವನು ನಾನು. ವೇದಿಕೆ ಹೆದರಿಕೆ ಅಂತ ಕೆಲವರು ಹೇಳ್ತಾರೆ. ನಾನು ನಂಬಲ್ಲ. ಅರಮನೆ ಮುಂದಿನ ದಸರಾ ವೇದಿಕೆಯಲ್ಲಿ ಕೂತವನಿಗೆ ಎಂಥ ಹೆದರಿಕೆ? ಒಂದು ದಸರಾದಲ್ಲಿ ಆಲಾಪನೆ ನಡೆಯುತ್ತಿದ್ದಾಗ ಸಂಜೆ ಏಳಕ್ಕೆ ಅರಮನೆಯ ದೀಪ ಹತ್ತಿತು. ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬ್. ಜನ ಹೋ ಎಂದು ಕೂಗಿದರು. ಗಾಯಕರು ನಿಲ್ಲಿಸಿದರು, ಪಿಟೀಲಿನವರು ತಿರುಗಿ ನೋಡಿದರು, ಮೃದಂಗದವರು ಫೋಟೊ ತೆಗೆದರು. ತಂಬೂರಿ ಮೀಟುತ್ತಲೇ ಇದ್ದ. "ಅವರು ವಾಪಸ್ ಬರೋಕೆ ಮನೆ ಇರಬೇಕಲ್ಲಯ್ಯ" ಅಂದ ಆಮೇಲೆ. ಅವನಿಗೆ ಆ ಜಾಗ ಇಷ್ಟವಾಗಿತ್ತು ಅಂತ ನನಗೆ ಅನ್ನಿಸುತ್ತೆ. ಅಲ್ಲಿ ಕೂತರೆ ಗಾಯಕರ ಮುಖ ಕಾಣಲ್ಲ, ಬೆನ್ನು ಮಾತ್ರ. ಯಾರ ಜುಬ್ಬ ಯಾವ ರಾಗಕ್ಕೆ ಒದ್ದೆಯಾಗುತ್ತೆ ಅನ್ನೋದೂ ಗೊತ್ತು ಅಂತ ನಗುತ್ತಿದ್ದ. ತಾರಸ್ಥಾಯಿಗೆ ಹೋದ ಉತ್ಸಾಹದಲ್ಲಿ ಯಾರಾದರೂ ಶ್ರುತಿ ಏರಿಸಿಬಿಟ್ಟರೆ, ಸಾರಣಿಯನ್ನು ಒಂದೆರಡು ಸುತ್ತು ಕೊಂಚ ಜೋರಾಗಿ ಮೀಟುತ್ತಿದ್ದ. ಗೊತ್ತಿದ್ದವರು ಇಳಿದು ಸೇರಿಕೊಳ್ಳುತ್ತಿದ್ದರು. ಸಭಿಕರಿಗೆ ಏನಾಯಿತು ಅನ್ನೋದೇ ಗೊತ್ತಾಗುತ್ತಿರಲಿಲ್ಲ.

ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ ಬಂದಾಗ ಅವನು ಸಿಡಿಮಿಡಿಗೊಳ್ಳುತ್ತಾನೆ ಅಂದುಕೊಂಡಿದ್ದೆವು. ಹಾಗೇನೂ ಆಗಲಿಲ್ಲ. ಮನೆಯಲ್ಲಿ ಅಭ್ಯಾಸ ಮಾಡುವ ಮಕ್ಕಳಿಗೆ ಅದೇ ಒಳ್ಳೆಯದು ಅಂತ ತಾನೇ ಕೊಡಿಸಿದ. ಕಛೇರಿಯಲ್ಲಿ ಪೆಟ್ಟಿಗೆ ಇಟ್ಟರೆ ತನ್ನ ತಂಬೂರಿಯನ್ನು ಅದಕ್ಕೇ ಸೇರಿಸಿಕೊಳ್ಳುತ್ತಿದ್ದ. ಒಂದು ಗಣಪತಿ ಚಪ್ಪರದಲ್ಲಿ ಭಾರಿ ಮಳೆ ಬಂದು ಕರೆಂಟ್ ಹೋಯಿತು. ಮೈಕ್ ಸತ್ತಿತು, ಪೆಟ್ಟಿಗೆಯೂ ನಿಂತಿತು. ಪಲ್ಲವಿ ನಡುವೆ. ಆ ಕತ್ತಲಲ್ಲಿ ತಂಬೂರಿ ಒಂದೇ ಕೇಳುತ್ತಿತ್ತು. ಗಾಯಕಿ ಅದನ್ನು ಹಿಡಿದುಕೊಂಡು ಮುಂದುವರಿಸಿದರು, ಹಿಂದೆ ಕೂತವರೆಲ್ಲ ಕುರ್ಚಿ ಎತ್ತಿಕೊಂಡು ವೇದಿಕೆ ಹತ್ತಿರ ಬಂದರು. ಮೈಕ್ ಇಲ್ಲದ ಕಾಲದಲ್ಲಿ ಕೊನೆ ಸಾಲಿಗೂ ಕೇಳಲಿ ಅಂತ ಚೌಡಯ್ಯನವರು ಪಿಟೀಲಿಗೆ ಏಳು ತಂತಿ ಮಾಡಿಸಿಕೊಂಡರು ಎಂದು ಓದಿದ್ದೆ. ಅದು ಯಾಕೆ ಬೇಕಾಯಿತು ಅಂತ ಅವತ್ತು ನಮ್ಮ ಪಿಟೀಲಿನವರ ಪಾಡು ನೋಡಿ ಅರ್ಥವಾಯಿತು.

ಅವನು ತೀರಿಕೊಂಡ ಹತ್ತಿಪ್ಪತ್ತು ದಿನಕ್ಕೆ ಕುವೆಂಪುನಗರದ ಗೆಳೆಯರೊಬ್ಬರ ಮಹಡಿಯಲ್ಲಿ ಎಲ್ಲ ಸೇರಿದೆವು. ವಿದ್ವಾಂಸರು ಬಂದಿದ್ದರು, ಬರಲೇಬೇಕು. ಮೈಕ್ ಸೆಟ್‌ನವರು ಬಂದಿದ್ದರು. ಕಛೇರಿಗಳಿಗೆ ಹೂವಿನ ಹಾರ ಕೊಡುವ ಅಮ್ಮ ಬಂದು ಬಾಗಿಲ ಹತ್ತಿರವೇ ಕೂತಿದ್ದರು. ಅವನನ್ನು ಕರೆದುಕೊಂಡು ಹೋಗುತ್ತಿದ್ದ ಆಟೋದವರು ಬಂದಿದ್ದರು. ತಂಬೂರಿ ಆಟೋದಲ್ಲಿ ಪೂರ್ತಿ ಹಿಡಿಸಲ್ಲ, ದಂಡಿ ಹೊರಗೆ ಚಾಚಿಕೊಂಡಿರುತ್ತೆ. ಹಾಗಾಗಿ ಅವರು ಎಡಗಡೆ ಯಾವ ಬಸ್ಸಿಗೂ ಜಾಗ ಕೊಡದೆ ಓಡಿಸುತ್ತಿದ್ದರಂತೆ. "ಅವರು ಕೂತಿದ್ರೆ ನಾನು ಹಂಪ್ ಮೇಲೆ ಜೋರಾಗಿ ಹೋಗಿದ್ದೇ ಇಲ್ಲ ಸಾರ್" ಅಂದರು. ಆ ಸಭೆಯಲ್ಲಿ ನನಗೆ ನೆನಪಿರುವ ಮಾತು ಅದೊಂದೇ. ಶ್ರದ್ಧಾಂಜಲಿ ಸಭೆಗಳಲ್ಲಿ ದೊಡ್ಡವರು ತಮ್ಮ ಬಗ್ಗೆಯೇ ಜಾಸ್ತಿ ಮಾತಾಡುತ್ತಾರೆ. ಇಲ್ಲೂ ಹಾಗೇ ಆಯಿತು.

ಕೊನೆಯಲ್ಲಿ ಒಂದು ದೇವರನಾಮ ಹಾಡೋಣ ಅಂದರು. ಯಾರೋ ಫೋನಿನಲ್ಲಿ ಶ್ರುತಿ ಹಾಕಿದರು. ಹಾಡಬೇಕಾದವರು ಬಾಯಿ ತೆರೆದು, ಮುಚ್ಚಿ, "ಇದು ಬೇಡ, ಇವತ್ತಾದ್ರೂ ಬೇಡ" ಅಂದರು. ಅವನ ಹೆಂಡತಿ ಮನೆಯಿಂದ ತಂದಿದ್ದ ತಂಬೂರಿಯ ಗವಸು ಬಿಚ್ಚಿದೆವು. ಈಗ ಶ್ರುತಿ ಯಾರು ಮಾಡಬೇಕು? ಘಟದವರು ಕೈ ಹಾಕಿದರು. ಪಂಚಮ ಇಳಿದಿದೆ ಅಂತ ಬಲಗಡೆಯಿಂದ ಒಬ್ಬರು. ಇಲ್ಲ, ಏರಿದೆ ಅಂತ ಎಡಗಡೆಯಿಂದ ಇನ್ನೊಬ್ಬರು. ಬಿರಡೆ ಹಿಡಿದವರು ಒಬ್ಬರು, ಮಣಿ ಸರಿಸಿದವರು ಒಬ್ಬರು, ನೂಲು ಜಾರಿ ಜಮಖಾನೆ ಮೇಲೆ ಬಿದ್ದಾಗ ಹುಡುಕಿದವರು ನಾವೆಲ್ಲ. ಅಷ್ಟೂ ಜನ ಬಿರುದು ಬಾವಲಿ ಇದ್ದವರು! ಹಾರದಮ್ಮ ನಕ್ಕುಬಿಟ್ಟರು. ಆಮೇಲೆ ಎಲ್ಲರೂ ನಕ್ಕೆವು, ಅವನ ಹೆಂಡತಿಯೂ. ಕೊನೆಗೂ ಒಂದು ರೀತಿ ಸೇರಿತು. ಗಾಂಧಾರ ನನಗಂತೂ ಕೇಳಿಸಲಿಲ್ಲ.

ಇಲ್ಲಿ ಒಂದು ಮಾತು ಹೇಳಬೇಕು. ಕೆಲವರಿಗೆ ಹಿಡಿಸದೆ ಇರಬಹುದು. ನಮ್ಮ ಆಹ್ವಾನ ಪತ್ರಿಕೆಗಳಲ್ಲಿ ಗಾಯನ, ಪಿಟೀಲು, ಮೃದಂಗ, ಘಟ, ಪ್ರಾಯೋಜಕರು, ಸ್ವಾಗತ, ವಂದನಾರ್ಪಣೆ, ಎಲ್ಲ ಇರುತ್ತೆ. ತಂಬೂರಿ ಅನ್ನೋ ಸಾಲು ಬಹಳ ಸಲ ಇರಲ್ಲ. ಒಮ್ಮೆ ಕಾರ್ಯದರ್ಶಿಯೊಬ್ಬರು ಅವನ ಹೆಸರು ಅಚ್ಚು ಹಾಕಿಸಿದ್ದರು. ಖುಷಿ ಪಡ್ತಾನೆ ಅಂದುಕೊಂಡರೆ, "ಹೋಗಲಿ ಬಿಡಿ ಸಾರ್, ಹೆಸರು ಹಾಕಿದ ಮೇಲೆ ಜ್ವರ ಬಂದ್ರೂ ಬರಲೇಬೇಕಲ್ಲ" ಅಂದನಂತೆ. ದುಡ್ಡೂ ಅಷ್ಟೇ. ಆಟೋ ಖರ್ಚು ಬಿಟ್ಟು ಒಂದು ರೂಪಾಯಿ ಮುಟ್ಟುತ್ತಿರಲಿಲ್ಲ. ಅದು ಅವನ ದೊಡ್ಡತನ, ಸರಿ. ಆದರೆ ಅವನು ಬೇಡ ಅಂದಿದ್ದು ನಮಗೆಲ್ಲ ಬಹಳ ಅನುಕೂಲವಾಯಿತು. ತಂಬೂರಿಗೆ ಅಂತ ಖರ್ಚಿನ ಪಟ್ಟಿಯಲ್ಲಿ ಒಂದು ಸಾಲು ಬೇಕು ಅನ್ನೋದೇ ಯಾರಿಗೂ ಹೊಳೆಯಲಿಲ್ಲ. ಕಲಿಯುವ ಹುಡುಗಿಯರನ್ನು ಕರೆದು ಮೂರು ಗಂಟೆ ಕೂರಿಸಿ ಒಂದು ಲೋಟ ಕಾಫಿ ಕೊಟ್ಟು ಕಳಿಸುವುದು ಪದ್ಧತಿಯಾಯಿತು. ಅವನ ಹತ್ತಿರ ಇದೇ ವಿಷಯಕ್ಕೆ ಜಗಳ ಆಡಿದ್ದೆ. "ನಿನಗೆ ಬೇಡದಿದ್ರೆ ತಗೊಂಡು ಆ ಮಕ್ಕಳಿಗೆ ಕೊಡು" ಅಂದಿದ್ದೆ. "ಸುಮ್ನಿರಯ್ಯ, ಲೆಕ್ಕ ಇಡೋ ಕೆಲಸ ಆಫೀಸಲ್ಲೇ ಸಾಕಾಗಿದೆ" ಅಂದ. ಈಗ ಗಣಪತಿ ಹಬ್ಬ ಹತ್ತಿರ ಬಂದಿದೆ, ಫೋನ್ ಮೇಲೆ ಫೋನ್: ತಂಬೂರಿಗೆ ಯಾರಾದರೂ ಇದ್ದಾರಾ ನೋಡಿ. ಇದ್ದಾರೆ. ಹೆಸರು ಹಾಕಿ, ಸಂಭಾವನೆ ಕೊಡಿ, ಬರ್ತಾರೆ.

ಅವನ ತಂಬೂರಿಯನ್ನು ಕಾಲೇಜಿಗೆ ಕೊಡಬೇಕು ಅಂತ ಮನೆಯವರು ತೀರ್ಮಾನಿಸಿದ್ದಾರೆ. ಪ್ರಿನ್ಸಿಪಾಲರು ಒಪ್ಪಿದ್ದಾರೆ. ಹೊಸ ತಂತಿ ಹಾಕಿಸುವ ಖರ್ಚು ನಮ್ಮ ಬ್ಯಾಚಿನದು. ತಂಬೂರಿ ಜೊತೆಗೆ ಅವನ ಹೆಂಡತಿ ಒಂದು ಚೀಟಿ ಕಳಿಸಿದ್ದಾರೆ. ಗೋಡೆಗೆ ಒರಗಿಸಿ ನಿಲ್ಲಿಸಬಾರದು, ಮಲಗಿಸಿ ಇಡಬೇಕು. ಕಿಟಕಿ ಬಿಸಿಲು ಬೀಳಬಾರದು. ವಾರಕ್ಕೊಮ್ಮೆಯಾದರೂ ಯಾರಾದರೂ ಮೀಟಬೇಕು. ಗಾಜಿನ ಬೀರುವಿನಲ್ಲಿ ಇಟ್ಟು ಬೀಗ ಹಾಕುವುದಾದರೆ ಬೇಡ, ವಾಪಸ್ ಕೊಟ್ಟುಬಿಡಿ. ಈ ಕೊನೆಯ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದಾರೆ. ಕಲಿಯಬೇಕು ಅನ್ನುವ ವಿದ್ಯಾರ್ಥಿಗಳು ಆಫೀಸಿನಲ್ಲಿ ಹೆಸರು ಬರೆಸಿ. ಹಾಡಲು ಬರಲೇಬೇಕು ಅಂತೇನಿಲ್ಲ. ಸೀಮೆಸುಣ್ಣ ಗವಸಿನ ಜೇಬಿನಲ್ಲೇ ಇದೆ.