ಹಬ್ಬದ ಹಾಡಿಗೆ "ಚೆನ್ನಾಗಿದೆ" ಅಂದರೆ ಸಾಲದಾ?

ಹಬ್ಬ ಹತ್ತಿರ ಬಂದಾಗಲೆಲ್ಲ ಈ ಪ್ರಶ್ನೆ ನನ್ನನ್ನು ಹುಡುಕಿಕೊಂಡು ಬರುತ್ತದೆ. ನಾವು ಕೆಲವರು ಟ್ಯೂನ್ ಹಾಕುವ ಹುಚ್ಚು ಹತ್ತಿಸಿಕೊಂಡವರು. ಯಾರಿಗೂ ಇದು ಹೊಟ್ಟೆಪಾಡಲ್ಲ. ಹಬ್ಬಕ್ಕೆ ಅಂತ ಹಾಡೋ, ಬರೀ ವಾದ್ಯದ ತುಣುಕೋ ಮಾಡಿ ಒಬ್ಬರಿಗೊಬ್ಬರು ಕಳಿಸುತ್ತೇವೆ. ಕೇಳುತ್ತೇವೆ. ಎಲ್ಲಿ ಹಿಡಿಸಿತು, ಎಲ್ಲಿ ಎಡವಿತು ಅಂತ ಬರೆದು ಹೇಳುತ್ತೇವೆ. ಇದನ್ನು ನೋಡಿದವರು ಕೇಳುತ್ತಾರೆ: "ಖುಷಿಗೆ ಮಾಡಿದ ಹಾಡು, ಅದೂ ಹಬ್ಬಕ್ಕೆ. ಚೆನ್ನಾಗಿದೆ ಅಂದುಬಿಟ್ಟರೆ ಸಾಲದಾ? ಅದರಲ್ಲೂ ತಪ್ಪು ಹುಡುಕಬೇಕಾ?"

ಸಾಲದು ಅನ್ನುವುದೇ ನನ್ನ ಉತ್ತರ.

ಹಬ್ಬದ ಹಾಡನ್ನು ಜನ ಸುಮ್ನೆ ಕೂತು ಕೇಳುವುದಿಲ್ಲ. ಜೊತೆಗೆ ಹಾಡಬೇಕು ಅಂತ ಅವರಿಗೆ ಆಸೆ ಇರುತ್ತದೆ. ಮಕ್ಕಳಿರುತ್ತಾರೆ, ವಯಸ್ಸಾದವರಿರುತ್ತಾರೆ, ಒಂದು ದಿನವೂ ಸಂಗೀತ ಕಲಿಯದವರಿರುತ್ತಾರೆ. ಅವರೆಲ್ಲರ ಗಂಟಲಿಗೂ ಅದು ಸಿಗಬೇಕು, ಒಂದೆರಡು ಸಲ ಕೇಳಿದರೆ ಬಾಯಿಗೆ ಬರಬೇಕು. ಟ್ಯೂನ್ ಹಾಕಿದವರಿಗೆ ಇದು ಸಿಗುತ್ತದೋ ಇಲ್ಲವೋ ಗೊತ್ತಾಗುವುದೇ ಇಲ್ಲ. ನೂರಾರು ಸಲ ಕೇಳಿರುತ್ತೇವೆ. ಮಾತು ಕೇಳಿಸದಿದ್ದರೂ ನಮ್ಮ ತಲೆಯೇ ಅದನ್ನು ತುಂಬಿಕೊಳ್ಳುತ್ತದೆ. ಅದಕ್ಕೇ ಇನ್ನೊಬ್ಬರ ಕಿವಿ ಬೇಕು.

ಹೋದ ಸಲ ಒಬ್ಬ ಗೆಳತಿ ಮೂರು ನಿಮಿಷದ ಹಾಡು ಕಳಿಸಿದಳು. ಟ್ಯೂನ್ ತುಂಬಾ ಮುದ್ದಾಗಿತ್ತು. ಆದರೆ ಮೊದಲ ಸೆಕೆಂಡಿನಿಂದಲೇ ಗೆಜ್ಜೆ, ಗಂಟೆ, ಡೋಲು, ಕೋರಸ್ ಎಲ್ಲವೂ ಒಟ್ಟಿಗೆ ಶುರು. ಹಬ್ಬ ಅಂದರೆ ತುಂಬಿ ತುಳುಕಬೇಕು ಅಂತ ನಮಗೆಲ್ಲ ಅನಿಸುತ್ತದೆ, ಅಲ್ವಾ? ನಾನು ಅವಳಿಗೆ ಬರೆದಿದ್ದು ಇಷ್ಟೇ: "22ನೇ ಸೆಕೆಂಡಿನಲ್ಲಿ ಎರಡನೇ ಸಾಲಿನ ಮಾತು ಕೇಳಿಸಲಿಲ್ಲ. ಎರಡು ಸಲ ಹಿಂದಕ್ಕೆ ಹೋಗಿ ಕೇಳಿದೆ, ಆಗಲೂ ಸಿಗಲಿಲ್ಲ."

ಅವಳು ಹಾಡಿನ ದನಿಯನ್ನು ಜೋರು ಮಾಡಿ ಕಳಿಸಿದಳು. ಆಗಲೂ ಮಾತು ಮಸುಕು. ಆಮೇಲೆ ಇಬ್ಬರೂ ಕೂತು ಹುಡುಕಿದಾಗ ಕಾರಣ ಸಿಕ್ಕಿತು. ಸ, ಶ, ಚ ಅನ್ನುವಾಗ ಬಾಯಿಂದ ಬರುವ ಸುಯ್ ಅನ್ನುವ ಸದ್ದು ಹೆಚ್ಚಾಗಿ ಇರುವುದು ತುಂಬಾ ಮೇಲೆ, ಸೆಕೆಂಡಿಗೆ ಸಾವಿರಾರು ಕಂಪನಗಳ ಎತ್ತರದಲ್ಲಿ. ಗೆಜ್ಜೆಯ ಝಣಝಣವೂ ಅದೇ ಜಾಗದಲ್ಲಿ ತುಂಬಿಕೊಂಡಿರುತ್ತದೆ. ಒಂದು ಇನ್ನೊಂದನ್ನು ಮುಚ್ಚಿಬಿಡುತ್ತದೆ. ದನಿ ಎಷ್ಟು ಏರಿಸಿದರೂ ಪ್ರಯೋಜನವಿರಲಿಲ್ಲ. ಅವಳು ಚರಣದಲ್ಲಿ ಗೆಜ್ಜೆ ಪೂರ್ತಿ ತೆಗೆದು ಪಲ್ಲವಿಗೆ ಮಾತ್ರ ಇಟ್ಟಳು. ಮಾತು ಎದ್ದು ಬಂತು. ಅದಕ್ಕಿಂತ ಹೆಚ್ಚಾಗಿ, ಪಲ್ಲವಿ ಬಂದ ಕೂಡಲೇ ಮೈ ಜುಮ್ಮೆಂದಿತು. ಅಲ್ಲಿಯವರೆಗೆ ಇಲ್ಲದ ಗೆಜ್ಜೆ ಆಗ ಬಂತಲ್ಲ!

ಇದು ಹೊಸ ಗುಟ್ಟೇನಲ್ಲ. 1734ರ ಕ್ರಿಸ್ಮಸ್‌ಗೆ ಜರ್ಮನಿಯ ಸಂಗೀತಗಾರ ಬಾಖ್ ಲೈಪ್‌ಜಿಗ್ ಊರಿನಲ್ಲಿ ನುಡಿಸಿದ ಸಂಗೀತ ಶುರುವಾಗುವುದು ಬರೀ ನಗಾರಿಯಿಂದ. ಆಮೇಲೆ ಕೊಳಲು. ತುತ್ತೂರಿಗಳು ಅದಕ್ಕೂ ನಂತರ. ಆ ಎತ್ತುಗಡೆಯನ್ನು ಅವರು ಹಿಂದಿನ ವರ್ಷ ಒಬ್ಬ ರಾಣಿಯ ಹುಟ್ಟುಹಬ್ಬಕ್ಕೆ ಮಾಡಿದ್ದರು. ಮಾತು ಬದಲಿಸಿ ಹಬ್ಬಕ್ಕೆ ಬಳಸಿಕೊಂಡರು. ಒಂದೊಂದೇ ವಾದ್ಯ ಬಂದು ಸೇರಿಕೊಳ್ಳುವಾಗ, ಜನ ಒಬ್ಬೊಬ್ಬರಾಗಿ ಬಂದು ಸೇರುತ್ತಿದ್ದಾರೆ ಅನಿಸುತ್ತದೆ. ಸಂಭ್ರಮ ಹುಟ್ಟುವುದು ಅಲ್ಲಿ.

ನನ್ನದೇ ಒಂದು ಹಾಡಿನ ಕಥೆಯನ್ನೂ ಹೇಳಬೇಕು. ಪಲ್ಲವಿಯ ತುದಿಯನ್ನು ತಾರಸ್ಥಾಯಿಯ ಗಾಂಧಾರಕ್ಕೆ, ಅಂದರೆ ಮೇಲಿನ "ಸ" ದಾಟಿ ಇನ್ನೂ ಎತ್ತರದ "ಗ" ಸ್ವರಕ್ಕೆ, ಒಯ್ದು ನಿಲ್ಲಿಸಿದ್ದೆ. ಅಲ್ಲಿ ಬರುವ ಅಕ್ಷರ "ಈ". ಹತ್ತಾರು ಸಲ ಹಾಡಿ ಚೆನ್ನಾಗಿ ಬಂದದ್ದನ್ನು ಕಳಿಸಿದ್ದೆ. ಏಳು ಜನ "ಚೆನ್ನಾಗಿದೆ" ಅಂದರು. ಒಬ್ಬ ಗೆಳೆಯ ಮಾತ್ರ, "ಜೊತೆಗೆ ಹಾಡಲು ನೋಡಿದೆ, ಆ ಜಾಗದಲ್ಲಿ ಗಂಟಲು ಹಿಡಿಯಿತು" ಅಂತ ಬರೆದ. ನಾನು ಇಡೀ ಹಾಡಿನ ಶ್ರುತಿ ಇಳಿಸಿದೆ. ಈಗ ಕೆಳಗಡೆ ತೊಂದರೆ. ಮಂದ್ರದ ಪಂಚಮ, ಅಂದರೆ ಕೆಳಗಿನ "ಪ" ಸ್ವರ, ಅವನಿಗೆ ಸಿಗುತ್ತಲೇ ಇಲ್ಲ. ಮಂದ್ರ ಪಂಚಮದಿಂದ ತಾರ ಗಾಂಧಾರದವರೆಗೆ ಅಂದರೆ ಒಂದೂವರೆ ಸ್ಥಾಯಿಗಿಂತ ಜಾಸ್ತಿ. ಒಂದು "ಸ"ದಿಂದ ಅದರ ಮೇಲಿನ "ಸ"ದವರೆಗೆ ಒಂದು ಸ್ಥಾಯಿ. ಅಭ್ಯಾಸ ಇಲ್ಲದ ಗಂಟಲಿಗೆ ಒಂದು ಸ್ಥಾಯಿ, ಅದರ ಮೇಲೆ ಒಂದೆರಡು ಸ್ವರ ಇದ್ದರೆ ಹಾಯಾಗಿರುತ್ತದೆ. ಕೊನೆಗೆ ಟ್ಯೂನನ್ನೇ ಮಡಚಿ, ಮೇಲಿನ ಸ್ವರಕ್ಕೂ ಕೆಳಗಿನ ಸ್ವರಕ್ಕೂ ಇರುವ ಅಂತರ ಕಡಿಮೆ ಮಾಡಿದೆ. ಮಾತನ್ನು ಹಿಂದುಮುಂದು ಮಾಡಿ ತುದಿಯಲ್ಲಿ "ಆ" ಬರುವ ಹಾಗೆ ನೋಡಿಕೊಂಡೆ. ಬಾಯಿ ತೆರೆಯುವ ಅಕ್ಷರ ಸಿಕ್ಕಿದರೆ ಮೇಲಿನ ಸ್ವರ ಅರ್ಧ ಹಗುರವಾಗುತ್ತದೆ. ಆ ಏಳು ಜನರ ಮೆಚ್ಚುಗೆ ಸಂತೋಷ ಕೊಟ್ಟಿತು ನಿಜ. ಆದರೆ ಹಾಡನ್ನು ಉಳಿಸಿದ್ದು ಅವನ ಒಂದು ಸಾಲು. ನಾನು ಅವನಿಗೆ ಇವತ್ತಿಗೂ ಋಣಿ.

ಅವನು ಹೇಳಿದ ರೀತಿ ಗಮನಿಸಿ. ಟ್ಯೂನ್ ಸರಿಯಿಲ್ಲ ಅನ್ನಲಿಲ್ಲ. ಹೀಗೆ ಬದಲಿಸು ಅಂತಲೂ ಅನ್ನಲಿಲ್ಲ. ಎಲ್ಲಿ, ತನಗೆ ಏನಾಯಿತು ಅಂತ ಹೇಳಿದ. ಅಷ್ಟು ಸಾಕು. ಮದ್ದು ಹುಡುಕುವುದು ಟ್ಯೂನ್ ಹಾಕಿದವರ ಕೆಲಸ, ಕೇಳಿದರೆ ಮಾತ್ರ ನಾವೂ ಜೊತೆಗೆ ಕೂರಬೇಕು. ಇಲ್ಲದಿದ್ದರೆ ಅವರ ಹಾಡು ನಮ್ಮ ಹಾಡಾಗಿಬಿಡುತ್ತದೆ.

ಹೊಗಳುವಾಗಲೂ ಹೀಗೇ ಜಾಗ ತೋರಿಸಿ ಹೇಳಬೇಕು. "ಎರಡನೇ ಚರಣ ಮುಗಿದ ಮೇಲೆ ಒಂದು ಕ್ಷಣ ತಾಳ ನಿಲ್ಲುತ್ತದಲ್ಲ, ಅದು ತುಂಬಾ ಹಿಡಿಸಿತು" ಅಂದರೆ, ತಿದ್ದುವ ಭರದಲ್ಲಿ ಅದನ್ನು ತೆಗೆದುಹಾಕುವುದಿಲ್ಲ. ಒಳ್ಳೆಯ ಜಾಗಗಳು ಹಾಗೆ ತೆಗೆದುಹೋಗಿದ್ದನ್ನು ನಾನು ಕಂಡಿದ್ದೇನೆ, ಸಂಕಟವಾಗುತ್ತದೆ.

"ಬೇಜಾರಾಗುವುದಿಲ್ವಾ?" ಅಂತಲೂ ಕೇಳುತ್ತಾರೆ. ಆಗುತ್ತದೆ, ಒಂದು ರಾತ್ರಿ. ಆದರೆ ಕೊಡುವುದೂ ತೆಗೆದುಕೊಳ್ಳುವುದೂ ಎರಡೂ ಕಡೆಯಿಂದ ನಡೆದರೆ ಆ ಬೇಜಾರು ಉಳಿಯುವುದಿಲ್ಲ. 1856ರಲ್ಲಿ ಜರ್ಮನಿಯ ಸಂಗೀತ ಸಂಯೋಜಕ ಬ್ರಾಮ್ಸ್ ಮತ್ತು ಪಿಟೀಲು ವಾದಕ ಯೋವಾಖಿಮ್, ಇಬ್ಬರೂ ಇಪ್ಪತ್ತರ ಹರೆಯದವರು, ಸಂಯೋಜನೆಯ ಪಾಠಗಳನ್ನು ಬರೆದು ಒಬ್ಬರಿಗೊಬ್ಬರು ಅಂಚೆಯಲ್ಲಿ ಕಳಿಸಿ ತಿದ್ದಿಕೊಳ್ಳುವ ಒಪ್ಪಂದ ಮಾಡಿಕೊಂಡರು. ತಡ ಮಾಡಿದವರಿಗೆ ದಂಡ, ಆ ದುಡ್ಡಲ್ಲಿ ಇನ್ನೊಬ್ಬರಿಗೆ ಪುಸ್ತಕ. ಇಪ್ಪತ್ತೆರಡು ವರ್ಷ ಕಳೆದು ಬ್ರಾಮ್ಸ್ ಪಿಟೀಲಿಗೆ ದೊಡ್ಡ ಕೃತಿ ಬರೆದಾಗ, ಕಷ್ಟವಾದ ಜಾಗಗಳನ್ನು ಹೇಳು ಅಂತ ಕಳಿಸಿದ್ದು ಅದೇ ಗೆಳೆಯನಿಗೆ.

ಸಮಯದ ಬಗ್ಗೆ ಒಂದು ಮಾತು. ಹಬ್ಬದ ಹಿಂದಿನ ರಾತ್ರಿ ಹಾಡು ಬಂದರೆ, ಆ ರಾತ್ರಿ ಸರಿಮಾಡಬಹುದಾದದ್ದನ್ನು ಮಾತ್ರ ಹೇಳುತ್ತೇನೆ. ಡೋಲು ಸ್ವಲ್ಪ ಇಳಿಸು, ಕೊನೆಯಲ್ಲಿ ಎರಡು ಸೆಕೆಂಡು ಬಿಡು, ಇಂಥವು. ಟ್ಯೂನಿನ ಮಾತು ಹಬ್ಬ ಕಳೆದ ಮೇಲೆ. ಒಂದೂವರೆ ತಿಂಗಳು ಮೊದಲೇ ಕಳಿಸಿದವರಿಗೆ ಎಲ್ಲವನ್ನೂ ಹೇಳಬಹುದು. ಕಳಿಸುವವರೂ "ಹೇಗಿದೆ?" ಅಂತ ಕೇಳಿದರೆ "ಚೆನ್ನಾಗಿದೆ" ಅಂತಲೇ ಉತ್ತರ ಬರುತ್ತದೆ. ಯಾವ ಜಾಗ ಅನುಮಾನವೋ ಅದನ್ನೇ ಕೇಳಬೇಕು.

ಗೆಜ್ಜೆ ತೆಗೆದ ಗೆಳತಿ ಈ ಸಲದ ಹಾಡನ್ನು ನಿನ್ನೆಯೇ ಕಳಿಸಿದ್ದಾಳೆ. ಪಲ್ಲವಿ ಮಾತ್ರ, ಬರೀ ದನಿ ಮತ್ತು ಕೈತಾಳ. "ಮೂರನೇ ಸಾಲಿಗೆ ಉಸಿರು ಸಾಲುತ್ತಾ? ಹಾಡಿ ನೋಡಿ ಹೇಳು" ಅಂತ ಕೇಳಿದ್ದಾಳೆ. ಎದ್ದು ನಿಂತು ಹಾಡಿದೆ, ಕೂತು ಹಾಡಿದೆ. ಎರಡು ಸಲವೂ ಆ ಸಾಲಿನ ನಾಲ್ಕನೇ ಪದದ ಹತ್ತಿರ ನನಗೆ ಉಸಿರು ಮುಗಿಯಿತು. ಹಾಗಂತಲೇ ಬರೆದು ಕಳಿಸಿದ್ದೇನೆ.