ಆಸ್ಟ್ರೇಲಿಯಾದ ಒಣ ಒಡಲಿಗೆ ಹೋಗುವವರಿಗೆ: ಮಧ್ಯಾಹ್ನ ಮಲಗಿ, ಬೆಳಗ್ಗೆ ಸಂಜೆ ಅಲೆಯಿರಿ

ಆಸ್ಟ್ರೇಲಿಯಾಕ್ಕೆ ಹೋದ ನಮ್ಮವರಲ್ಲಿ ಹೆಚ್ಚಿನವರು ಸಿಡ್ನಿ, ಮೆಲ್ಬರ್ನ್ ನೋಡಿ ವಾಪಸ್ಸಾಗುತ್ತಾರೆ. ರಜೆ ಸ್ವಲ್ಪ ಜಾಸ್ತಿ ಸಿಕ್ಕರೆ ದೇಶದ ನಡುವಿನ ಮರುಭೂಮಿಯ ಊರು ಆಲಿಸ್ ಸ್ಪ್ರಿಂಗ್ಸ್ ಮತ್ತು ದೈತ್ಯ ಕೆಂಪು ಬಂಡೆ ಉಲುರುಗೂ ಹೋಗಿ ಬನ್ನಿ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಒಳ್ಳೆಯ ಕಾಲ. ಹಗಲು ಹಿತವಾಗಿರುತ್ತದೆ, ರಾತ್ರಿ ಸೊನ್ನೆ ಡಿಗ್ರಿಗಿಂತ ಕೆಳಗೂ ಇಳಿಯಬಹುದು. ಮರುಭೂಮಿ ಅಂತ ಸ್ವೆಟರ್ ಬಿಟ್ಟು ಹೋಗಬೇಡಿ. ಡಿಸೆಂಬರ್ ರಜೆಗೆ ಹೋದರೆ 40 ಡಿಗ್ರಿ ಬಿಸಿಲು, ಸುಮ್ನೆ ಒದ್ದಾಟ.

ವಿಮಾನ ನಿಲ್ದಾಣದಲ್ಲಿ ಚಟ್ನಿಪುಡಿ, ಉಪ್ಪಿನಕಾಯಿ, ಬೀಜ, ಬೇಳೆ ಏನಿದ್ದರೂ ದೇಶದ ಒಳಗೆ ಹೋಗುವಾಗ ತುಂಬಿಕೊಡುವ ಕಾರ್ಡಿನಲ್ಲಿ ಬರೆದು ತೋರಿಸಿ. ಮುಚ್ಚಿಟ್ಟರೆ ದಂಡ ಬೀಳುತ್ತದೆ. ಅವರ ಈ ಬಿಗಿಗೆ ಕಾರಣವಿದೆ. ಕೋಟ್ಯಂತರ ವರ್ಷ ಒಂಟಿಯಾಗಿದ್ದ ಖಂಡ ಅದು. 1859ರಲ್ಲಿ ಬೇಟೆಗೆಂದು ಕೆಲವೇ ಮೊಲ ತಂದು ಬಿಟ್ಟರು, ಅವು ದೇಶವನ್ನೇ ಮುತ್ತಿದವು. ಜೊತೆಗೆ ಹೊರಗಿನಿಂದ ಬಂದ ನರಿ, ಬೆಕ್ಕುಗಳ ಕಾಟ ಬೇರೆ.

ಆಲಿಸ್ ಸ್ಪ್ರಿಂಗ್ಸ್ ತಲುಪಿದ ಮೇಲೆ ಮೊದಲು ಡೆಸರ್ಟ್ ಪಾರ್ಕ್ ನೋಡಿ. ಯಾಕೆಂದರೆ ಹಗಲಲ್ಲಿ ಮರುಭೂಮಿಗೆ ಹೋದರೆ ಪ್ರಾಣಿ ಕಾಣುವುದೇ ಅಪರೂಪ. ಹೆಚ್ಚಿನವು ಬಿಲದಲ್ಲಿ ನಿದ್ದೆ ಮಾಡುತ್ತಿರುತ್ತವೆ. ಈ ಪಾರ್ಕಿನ ನಿಶಾಚರಿಗಳ ಮನೆಯಲ್ಲಿ ಅವುಗಳನ್ನು ಹತ್ತಿರದಿಂದ ನೋಡಬಹುದು. ಅಲ್ಲಿ ಬಿಲ್ಬಿ ಇದೆ. ಉದ್ದ ಕಿವಿಯ ಪ್ರಾಣಿ. ಅದರ ಹೊಟ್ಟೆಚೀಲದ ಬಾಯಿ ಹಿಂದಕ್ಕೆ ತೆರೆದಿರುತ್ತದೆ, ಬಿಲ ತೋಡುವಾಗ ಮರಿಯ ಮೇಲೆ ಮಣ್ಣು ಬೀಳುವುದಿಲ್ಲ. ತಿನ್ನುವ ಹುಳು, ಗೆಡ್ಡೆಯಿಂದಲೇ ಬೇಕಾದ ನೀರು ಸಿಗುತ್ತದೆ. ಒಂದು ಕಾಲಕ್ಕೆ ಖಂಡದ ಬಹುಭಾಗದಲ್ಲಿದ್ದ ಇದು ಈಗ ಅಲ್ಲಲ್ಲಿ ಮಾತ್ರ ಉಳಿದಿದೆ.

ನನಗೆ ತುಂಬಾ ಹಿಡಿಸಿದ್ದು ಥಾರ್ನಿ ಡೆವಿಲ್. ಮೈತುಂಬ ಮುಳ್ಳಿರುವ ಓತಿಕ್ಯಾತ, ಊಟ ಬರೀ ಇರುವೆ. ಒದ್ದೆ ಮರಳಿನ ಮೇಲೆ ನಿಂತರೆ ಸಾಕು, ಚರ್ಮದ ಸಣ್ಣ ಸೀಳುಗಳಲ್ಲಿ ನೀರು ತಾನಾಗಿ ಏರಿ ಬಾಯಿಗೆ ಸೇರುತ್ತದೆ. ಕಾಲಿನಿಂದ ನೀರು ಕುಡಿಯುವ ಪ್ರಾಣಿ!

ಅಲ್ಲಿಂದ ಉಲುರುಗೆ ರಸ್ತೆಯಲ್ಲಿ ಸುಮಾರು 450 ಕಿ.ಮೀ. ದಾರಿಯಲ್ಲಿ ಮರಗಳನ್ನು ಗಮನಿಸಿ. ಕಂಬದ ಹಾಗೆ ಸಪೂರ ನಿಂತವು ಒಂದು ಜಾತಿ, ಕೊಂಬೆ ಹರಡಿ ನೆರಳು ಕೊಡುವವು ಇನ್ನೊಂದು ಅನಿಸುತ್ತದೆ. ಎರಡೂ ಡೆಸರ್ಟ್ ಓಕ್, ನಮ್ಮ ಕರಾವಳಿಯ ಗಾಳಿಮರದ ಬಳಗ. ಎಳೆಯದಿರುವಾಗ ಮೇಲೆ ಹರಡದೆ ಬೇರನ್ನು ಆಳಕ್ಕೆ ಇಳಿಸುತ್ತದೆ, ನೀರು ಮುಟ್ಟಿದ ಮೇಲೆ ಕೊಂಬೆ ಬಿಚ್ಚುತ್ತದೆ. ಮುಲ್ಗಾ ಮರದ ಕೊಂಬೆಗಳು ಮೇಲ್ಮುಖ, ಬಿದ್ದ ಮಳೆ ಕಾಂಡದ ಗುಂಟ ಇಳಿದು ಬುಡಕ್ಕೇ ಬರುತ್ತದೆ. ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ವರ್ಷಕ್ಕೆ ಸರಾಸರಿ 280 ಮಿ.ಮೀ. ಆಸುಪಾಸು ಮಳೆ, ಅದೂ ಲೆಕ್ಕವಿಲ್ಲದೆ ಬರುವಂಥದ್ದು. ಸ್ಪಿನಿಫೆಕ್ಸ್ ಹುಲ್ಲನ್ನು ಮಾತ್ರ ಮುಟ್ಟಬೇಡಿ. ನೀರು ಆರದಂತೆ ಎಲೆ ಸುರುಳಿಕೊಂಡು ಸೂಜಿಯಾಗಿದೆ, ಪ್ಯಾಂಟ್ ದಾಟಿ ಚುಚ್ಚುತ್ತದೆ.

ಕತ್ತಲಾಗುವ ಮುಂಚೆ ಗಾಡಿ ನಿಲ್ಲಿಸಿಬಿಡಿ. ಹಗಲಿಡೀ ನೆರಳಲ್ಲಿ ಮಲಗಿ, ಮುಂಗೈ ನೆಕ್ಕಿ ಮೈ ತಂಪು ಮಾಡಿಕೊಳ್ಳುವ ಕೆಂಪು ಕಾಂಗರೂ ಮುಸ್ಸಂಜೆಗೆ ಮೇಯಲು ರಸ್ತೆಬದಿಗೆ ಬರುತ್ತದೆ. ರಾತ್ರಿ ಅಪಘಾತವಾದರೆ ಬಾಡಿಗೆ ಕಾರಿನ ವಿಮೆ ಸಿಗದೇ ಇರಬಹುದು, ಕರಾರು ಓದಿ.

ಉಲುರು ಹತ್ತುವುದನ್ನು 2019ರ ಅಕ್ಟೋಬರ್‌ನಲ್ಲಿ ನಿಲ್ಲಿಸಿದ್ದಾರೆ. ಅದು ಅಲ್ಲಿನ ಮೂಲನಿವಾಸಿಗಳಾದ ಅನಂಗು ಜನರಿಗೆ ಪವಿತ್ರ ಜಾಗ, ಸರಿಯಾದ ತೀರ್ಮಾನವೇ. ಬುಡದ ಸುತ್ತ ಹತ್ತು ಕಿ.ಮೀ. ಚಿಲ್ಲರೆ ನಡಿಗೆ, ಬೆಳಕು ಹರಿಯುವಾಗಲೇ ಶುರು ಮಾಡಿ. ಪಕ್ಕದ ಕಟ ಜೂಟ ಬಂಡೆಗುಡ್ಡಗಳಲ್ಲಿ 36 ಡಿಗ್ರಿ ಮುಟ್ಟುವ ಮುನ್ಸೂಚನೆ ಇದ್ದರೆ ಉದ್ದದ ನಡಿಗೆಯ ಮುಂದಿನ ಭಾಗವನ್ನು 11 ಗಂಟೆಗೇ ಮುಚ್ಚುತ್ತಾರೆ.

ನೀರು ಧಾರಾಳ ಇಟ್ಟುಕೊಳ್ಳಿ, ದಾರಿಯಲ್ಲಿ ಎರ್ಲ್‌ಡುಂಡಾದಲ್ಲಿ ಪೆಟ್ರೋಲ್ ತುಂಬಿಸಿ. ಮೊಬೈಲ್ ಸಿಗ್ನಲ್ ನಂಬಬೇಡಿ. ನೊಣ ತಡೆಯುವ ಮುಖಬಲೆಯನ್ನೂ ಸಸ್ಯಾಹಾರಿಗಳು ಅಕ್ಕಿ, ಮೊಸರು, ತರಕಾರಿಯನ್ನೂ ಆಲಿಸ್ ಸ್ಪ್ರಿಂಗ್ಸ್‌ನಲ್ಲೇ ಕೊಳ್ಳಿ. ಉಲುರು ಹತ್ತಿರ ಎಲ್ಲಕ್ಕೂ ಬೆಲೆ ಜಾಸ್ತಿ.