ಯಂತ್ರಕ್ಕೆ ಮನುಷ್ಯರ ಮಾತು ಯಾಕೆ, ಎಷ್ಟು?

"ಚಾಟ್ನಿ ಆಗೇತ್ರಿ, ಎಲಿ ಮ್ಯಾಲ ಹಳದಿ ಕಲಿ, ಕೆಳಗ ಬೆಳ್ಳಗ ಆಗೇತಿ. ಏನ್ ಹೊಡೀಲಿ?" ವಿಜಯಪುರದ ದ್ರಾಕ್ಷಿ ಬೆಳೆಗಾರರು ಹೀಗೆ (ಚಾಟ್ನಿ ಅಂದರೆ ಬಳ್ಳಿ ಸವರುವುದು) ಫೋನಿನಲ್ಲಿ ಕೇಳಿದರೆ ಉತ್ತರ ಕೊಡುವ ಧ್ವನಿ ಸಹಾಯಕವನ್ನು ಕಟ್ಟಬೇಕು ಅಂದುಕೊಳ್ಳಿ. ಅದು ಮನುಷ್ಯರಂತೆ ಎಷ್ಟು ಇರಬೇಕು?

ಒಂದಿಷ್ಟು ತಾನಾಗಿಯೇ ಬರುತ್ತದೆ. ಮನುಷ್ಯರು ಬರೆದದ್ದನ್ನೇ ಓದಿ ಮುಂದಿನ ಪದ ಊಹಿಸಲು ಕಲಿತ ಮಾದರಿ, ಅಂದರೆ ಇಂಥ ಸಹಾಯಕದ ಒಳಗಿನ ತಂತ್ರಾಂಶ, "ನಾನು", "ನನಗನಿಸುತ್ತದೆ" ಅನ್ನದೆ ಇನ್ನೇನು ಅಂದೀತು?

ಇನ್ನೊಂದಿಷ್ಟು ಅಗತ್ಯಕ್ಕೆ ಸೇರಿಸಿದ್ದು. ಎದುರುಬದುರು ಮಾತಿನಲ್ಲಿ ಒಬ್ಬರು ನಿಲ್ಲಿಸಿ ಇನ್ನೊಬ್ಬರು ಶುರುಮಾಡಲು ಸುಮಾರು 0.2 ಸೆಕೆಂಡು ಸಾಕು. ಯಂತ್ರ ದನಿಯನ್ನು ಅಕ್ಷರಕ್ಕಿಳಿಸಿ, ಉತ್ತರ ಹೊಂದಿಸಿ, ಮತ್ತೆ ದನಿಯಾಗಿಸುವಷ್ಟರಲ್ಲಿ ಒಂದೆರಡು ಸೆಕೆಂಡು ಕಳೆಯಬಹುದು. ಆ ಮೌನಕ್ಕೆ ಜನ "ಹಲೋ, ಹಲೋ" ಅಂತಾರೆ, ಎರಡು ಮಾತೂ ಕಲಸಿಹೋಗುತ್ತವೆ. ಅದಕ್ಕೇ "ತಡೀರಿ, ನೋಡ್ತೀನಿ" ಅನ್ನಿಸುವುದು. ಅರ್ಧ ಸೆಕೆಂಡು ಸುಮ್ಮನಾದರೆ ಮಾತು ಮುಗಿಯಿತೆಂದು ತಿಳಿಯುವಂತೆ ಇಟ್ಟರೆ, ಯೋಚಿಸುತ್ತ ಮಾತಾಡುವ ಹಿರಿಯರ ಮಾತು ನಡುವೆಯೇ ತುಂಡಾಗುತ್ತದೆ. ಒಂದು ಸೆಕೆಂಡಿಗೆ ಏರಿಸುವುದು ಮೇಲು. "ದೀಡ", "ಅಡೀಚ" ಅನ್ನುವ ಲೆಕ್ಕವನ್ನು 1.5, 2.5 ಎಂದು ಹಿಡಿಯುತ್ತದೆಯೇ ಎಂಬುದನ್ನು ಬೇರೆಯಾಗಿಯೇ ಪರೀಕ್ಷಿಸಬೇಕು. ಔಷಧಿಯ ಪ್ರಮಾಣ ತಪ್ಪುವುದು ಅಲ್ಲೇ.

ನನಗೆ ಆತಂಕ ಇರುವುದು ಮೂರನೆಯದರ ಬಗ್ಗೆ: ವಿನಯ. ಒಂದೇ ಪ್ರಶ್ನೆಗೆ ಬಂದ ಹಲವು ಉತ್ತರಗಳಲ್ಲಿ ಯಾವುದು ಚೆನ್ನ ಎಂದು ಜನರಿಂದ ಆರಿಸಿ, ಅಂಥವೇ ಹೆಚ್ಚು ಬರುವಂತೆ ಮಾದರಿಯನ್ನು ತಿದ್ದುತ್ತಾರೆ. ತಾಳ್ಮೆ ಬರುವುದು ಇಲ್ಲಿಂದ; ಹೌದಪ್ಪನ ಗುಣವೂ ಇಲ್ಲಿಂದಲೇ, ಯಾಕೆಂದರೆ ತಮ್ಮ ಮಾತಿಗೆ ಒಪ್ಪುವ ಉತ್ತರ ಜನರಿಗೆ ಹಿಡಿಸುತ್ತದೆ. ಮೊದಲಿಗೆ ಹೇಳಿದ ಹಳದಿ ಕಲೆ, ಕೆಳಗಿನ ಬಿಳುಪು ಡೌನಿ ಎಂಬ ರೋಗದ ಲಕ್ಷಣ. ರೈತರು "ಬೂದಿ ರೋಗ ಅಲ್ಲೇನ್ರಿ?" ಅಂದರೆ ಸಹಾಯಕ "ಹೌದ್ರಿ" ಅಂದುಬಿಡಬಹುದು. ಬೂದಿಗೆ ಗಂಧಕ ನಡೆಯುತ್ತದೆ, ಡೌನಿಗೆ ನಡೆಯುವುದಿಲ್ಲ. ನಮ್ಮ ಕಡೆಯ ದನಿಯಲ್ಲೇ ಹೇಳಿದರೆ ಆ ತಪ್ಪು ಇನ್ನೂ ಬೇಗ ನಂಬಿಕೆಗೆ ಬರುತ್ತದೆ. 1966ರಲ್ಲಿ ಜೋಸೆಫ್ ವೈಜೆನ್‌ಬಾಮ್ ಪ್ರಕಟಿಸಿದ ಎಲಿಜಾ ಎಂಬ ಮಾತಾಡುವ ಕಂಪ್ಯೂಟರ್ ಪ್ರೋಗ್ರಾಂ ಬಳಕೆದಾರರ ಮಾತನ್ನೇ ತಿರುಗಿಸಿ ಕೇಳುತ್ತಿತ್ತು, ಅಷ್ಟಕ್ಕೇ ಜನ ಅದರೆದುರು ಮನಸ್ಸು ಬಿಚ್ಚಿದರು.

ಆದ್ದರಿಂದ ಕರೆ ಎತ್ತಿದ ಕೂಡಲೇ "ನಾನು ಯಂತ್ರ" ಎಂದು ಹೇಳಿಸಿ. ರೋಗದ ಹೆಸರು ಹೇಳುವ ಮುಂಚೆ ಎಲೆಯ ಎರಡೂ ಬದಿಯ ಲಕ್ಷಣ ಕೇಳಿಸಿ. ಪ್ರಮಾಣವನ್ನು ಮಾದರಿಯ ನೆನಪಿನಿಂದ ಕೊಡಿಸಬೇಡಿ, ಪರಿಶೀಲಿಸಿದ ಪಟ್ಟಿಯಿಂದ ಓದಿಸಿ. ಪಟ್ಟಿಯಲ್ಲಿ ಇಲ್ಲದಿದ್ದರೆ "ಗೊತ್ತಿಲ್ಲರಿ" ಎಂದು ಹೇಳಿ ಕೃಷಿ ವಿಜ್ಞಾನ ಕೇಂದ್ರದ ನಂಬರ್ ಕೊಡಲಿ.